ಮೇಲಿನ ಬೀದಿಯ ಬಚ್ಚಲು, ಕೆಳಗಿನ ಬೀದಿಯ ನಲ್ಲಿ

ಇಂಥವು ನಮ್ಮ ಪಂಚಾಯ್ತಿಯಲ್ಲಿ ಆಗುತ್ತಲೇ ಇರುತ್ತವೆ. ಒಂದು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿರುತ್ತದೆ. ಮೊದಮೊದಲು ಮನೆಗೆ ಹೋಗಿ ಹೇಳಿಕೊಂಡು ಹೊಟ್ಟೆ ತುಂಬ ನಗುತ್ತಿದ್ದೆ. ಈಗಲೂ ನಗುತ್ತೇನೆ, ಆದರೆ ನಗು ಮುಗಿದ ಮೇಲೆ ಊಟ ಸೇರುವುದಿಲ್ಲ.

ನಾನು ಪಂಚಾಯ್ತಿಯ ಡಾಟಾ ಎಂಟ್ರಿ ಆಪರೇಟರ್. ಊರಿನವರ ಬಾಯಲ್ಲಿ ಕಂಪ್ಯೂಟ್ರಕ್ಕ. ದಿನಾ ಬೆಳಿಗ್ಗೆ ಗುಂಡ್ಲುಪೇಟೆಯಲ್ಲಿ ತೆರಕಣಾಂಬಿ ಕಡೆಯ ಬಸ್ಸು ಹತ್ತಿ, ನಡುವೆ ಒಂದು ಕಡೆ ಇಳಿದು, ಚೆಂಡು ಹೂವಿನ ಹೊಲಗಳ ಪಕ್ಕದಲ್ಲಿ ಅರ್ಧ ಮೈಲಿ ನಡೆದರೆ ನಮ್ಮ ಆಫೀಸು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಕ್ಕಪಕ್ಕದ ನಾಲ್ಕು ಊರಿನವರು ಇದು ನಮ್ಮದೇ ಕಥೆ, ಅವರ ಹೆಸರು ಯಾಕೆ ಹಾಕಿದಿರಿ ಎಂದು ಜಗಳಕ್ಕೆ ಬಂದಾರು.

ಊರು ಇಳಿಜಾರಿನಲ್ಲಿದೆ. ಮೇಲಿನ ಬೀದಿ, ನಡುಬೀದಿ, ಕೆಳಗಿನ ಬೀದಿ, ಅದರ ಕೆಳಗೆ ಕೆರೆ. ಮೇಲಿನ ಬೀದಿಯಲ್ಲಿ ಜಮೀನು, ಅಂಗಡಿ ಇರುವವರು. ಕೆಳಗಿನ ಬೀದಿಯಲ್ಲಿ ಆ ಜಮೀನುಗಳಿಗೆ ಕೂಲಿಗೆ ಹೋಗುವವರು. ಹಿಂದೆ ಬಚ್ಚಲು ನೀರು ಹಿತ್ತಲಿನ ಬಾಳೆ ಬುಡಕ್ಕೆ ಹೋಗುತ್ತಿತ್ತು. ಈಗ ಹಿತ್ತಲುಗಳಲ್ಲೆಲ್ಲ ಮನೆ ಎದ್ದಿವೆ. ಮನೆಮನೆಗೆ ಕಕ್ಕಸು ಬಂದಿದೆ. ಗುಂಡಿ ತುಂಬಿದವರು ಒಂದು ಪೈಪು ಹಾಕಿ ಬೀದಿಯ ಚರಂಡಿಗೆ ತಿರುಗಿಸಿಕೊಂಡಿದ್ದಾರೆ. ಅದೆಲ್ಲ ಇಳಿದು ಕೆಳಗಿನ ಬೀದಿಯ ಹೊಸಿಲು ಸವರಿಕೊಂಡು ಕೆರೆಗೆ ಹೋಗುತ್ತದೆ. ಮೇಲಿನ ಎರಡು ಬೀದಿಗಳಿಗೆ ಓವರ್‌ಹೆಡ್ ಟ್ಯಾಂಕಿನ ನೀರು. ಅದು ಕೆಳಗಿನ ಬೀದಿಗೆ ಸಾಲುವುದಿಲ್ಲ ಎಂದು ಅವರಿಗೆ ಬೇರೆ ಬೋರ್‌ವೆಲ್ ಕೊರೆಸಿದ್ದಾರೆ. ಎಲ್ಲಿ ಎಂದರೆ, ಆ ಕೆರೆಯ ಅಂಗಳದಲ್ಲೇ.

ಅಂದರೆ ಮೇಲಿನ ಬೀದಿಯವರು ಬಿಟ್ಟದ್ದನ್ನು ಕೆಳಗಿನ ಬೀದಿಯವರು ಕುಡಿಯುತ್ತಿದ್ದರು. ಇದನ್ನು ತಪ್ಪಿಸಲು ನಮ್ಮ ಪಂಚಾಯ್ತಿ ಒಳಚರಂಡಿ ಹಾಕಲು ಹೊರಟಿತು. ಅದರಲ್ಲಿ ನಾನು ಕಣ್ಣಾರೆ ಕಂಡದ್ದು ಇಷ್ಟು.

ಬಾಟಲಿಯ ನೀರು

ಒಂದು ದಿನ ಕೆಳಗಿನ ಬೀದಿಯಿಂದ ಒಬ್ಬ ಹೆಂಗಸು ಬಂದಳು. ವಯಸ್ಸು ಅರವತ್ತು ದಾಟಿದೆ, ಈಗಲೂ ಹೂ ಬಿಡಿಸುವ ಕೂಲಿಗೆ ಹೋಗುತ್ತಾಳೆ. ನಾನು ಅವಳನ್ನು ದೊಡ್ಡವ್ವ ಎನ್ನುತ್ತೇನೆ. ಸೆರಗಿನೊಳಗಿಂದ ಒಂದು ಬಾಟಲಿ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಒಳಗೆ ಹಾಲು ಕಡಿಮೆಯಾದ ಟೀ ಬಣ್ಣದ ನೀರು. ಏನಿದು ಎಂದರೆ, ಬೆಳಿಗ್ಗೆ ನಲ್ಲಿಯಲ್ಲಿ ಬಂದದ್ದು ಎಂದಳು.

ಅವಳ ಸೊಸೆ ಬಸುರಿ. ಎರಡು ತಿಂಗಳ ಹಿಂದೆ ಅವಳಿಗೆ ಕಾಮಾಲೆಯಾಗಿ, ಆಸ್ಪತ್ರೆಯಲ್ಲಿ ಮಲಗಿ ಎದ್ದಿದ್ದಳು. ಈಗ ಹೇಗಿದ್ದಾಳೆ ಎಂದು ಕೇಳಿದೆ.

“ಬೇಗೂರ್ಗ ತವರ್ಮನೆಗ ಕಳಿಸ್ಬುಟ್ಟಿವ್ನಿ ಕಣವ್ವ. ಎಲ್ಲಾರೂ ಬಾಣಂತನಕ್ಕ ಕಳಿಸ್ತಾರ, ನಾನು ನೀರು ಕುಡ್ಯಾಕ ಕಳಿಸಿವ್ನಿ.”

ನಮ್ಮ ಪಿಡಿಒ ಸಾಹೇಬರು ಕೆಟ್ಟವರಲ್ಲ. ಎರಡು ಪಂಚಾಯ್ತಿಗಳ ಚಾರ್ಜು ಅವರೊಬ್ಬರಿಗೇ, ಹಾಗಾಗಿ ಯಾವಾಗಲೂ ಹೆಲ್ಮೆಟ್ಟು ಕೈಯಲ್ಲೇ ಇರುತ್ತದೆ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು, ಮುಖ ಕಿವುಚಿದರು, ಬಣ್ಣ ನೋಡಿ ಸರ್ಕಾರಕ್ಕೆ ಬರೆಯಲಾಗುವುದಿಲ್ಲ, ಪ್ರಯೋಗಾಲಯದ ವರದಿ ಬೇಕು ಎಂದರು. ಬಾಟಲಿಯನ್ನು ಚಾಮರಾಜನಗರಕ್ಕೆ ಒಯ್ಯುವ ಕೆಲಸ ನೀರುಗಂಟಿಯ ಪಾಲಿಗೆ ಬಂತು. ಊರಿಗೆಲ್ಲ ನೀರು ಬಿಡುವುದು, ನಿಲ್ಲಿಸುವುದು ಅವನ ಉದ್ಯೋಗ. ತೊಡೆಯ ಮೇಲೆ ಬಾಟಲಿ ಇಟ್ಟುಕೊಂಡು ಬಸ್ಸಿನಲ್ಲಿ ಹೋಗಿ ಬಂದ. ಬಂದವನು ನನ್ನ ಹತ್ತಿರ, ಬಸ್ಸಿನಲ್ಲಿ ಜನ ಜೋತಾಡುತ್ತಿದ್ದರು ಅಕ್ಕೋರೆ, ನನ್ನ ಪಕ್ಕದ ಸೀಟು ಮಾತ್ರ ಕೊನೆಯವರೆಗೂ ಖಾಲಿಯೇ ಇತ್ತು ಎಂದ.

ಮೂರು ವಾರ ಕಾದ ಮೇಲೆ ವರದಿ ಬಂತು. ದೊಡ್ಡವ್ವ ಅಷ್ಟು ದಿನವೂ ಕೂಲಿ ಮುಗಿಸಿ ಮನೆಗೆ ಹೋಗುವಾಗ ಆಫೀಸಿನ ಬಾಗಿಲಲ್ಲಿ ನಿಂತು, ಕಾಗದ ಬಂತೇ ಎಂದು ಕೇಳಿ ಹೋಗುತ್ತಿದ್ದಳು. ಅವತ್ತೂ ಬಂದಳು. ಎಲ್ಲರೂ ಸುತ್ತ ನಿಂತರು. ನಾನು ಓದಿದೆ: “ಕಳುಹಿಸಿರುವ ಮಾದರಿಯು ಚರಂಡಿ ನೀರಾಗಿರುತ್ತದೆ. ಇಲ್ಲಿ ಕುಡಿಯುವ ನೀರನ್ನು ಮಾತ್ರ ಪರೀಕ್ಷಿಸಲಾಗುವುದರಿಂದ, ಕುಡಿಯುವ ನೀರಿನ ಮಾದರಿಯನ್ನು ಕಳುಹಿಸತಕ್ಕದ್ದು.”

ದೊಡ್ಡವ್ವನಿಗೆ ಅರ್ಥವಾಗಲಿಲ್ಲ. ಅವರಿಗೆ ಕುಡಿಯುವ ನೀರು ಬೇಕಂತೆ ಎಂದೆ. ಅವಳು ಕೇಳಿದಳು:

“ಅವ್ರಿಗೂ ಸಿಕ್ತಿಲ್ವಾ?”

ಈಶಾನ್ಯ ಮೂಲೆ

ಆ ವರದಿಯೇ ಕೊನೆಗೆ ಕೆಲಸಕ್ಕೆ ಬಂತು. ನಲ್ಲಿಯಲ್ಲಿ ಬರುತ್ತಿರುವುದು ಚರಂಡಿ ನೀರು ಎಂದು ಸರ್ಕಾರಿ ಕಾಗದವೇ ಹೇಳಿದ ಮೇಲೆ ಯಾರೂ ಇಲ್ಲ ಎನ್ನುವಂತಿರಲಿಲ್ಲ. ಒಳಚರಂಡಿಗೆ ಮಂಜೂರಾತಿ ಬಂತು. ಗ್ರಾಮಸಭೆ ಕರೆದರು. ಅಷ್ಟು ಜನ ಸೇರಿದ್ದನ್ನು ನಾನು ಆಮೇಲೆ ನೋಡಿಲ್ಲ. ಒಳಚರಂಡಿ ಬೇಕು ಎಂದು ಒಬ್ಬರೂ ಬಿಡದೆ ಕೈ ಎತ್ತಿದರು. ನಮ್ಮ ಊರಿನಲ್ಲಿ ಎಲ್ಲರೂ ಒಂದೇ ಮಾತಿಗೆ ಬಂದದ್ದು ಅದೇ ಮೊದಲು, ಅದೇ ಕೊನೆ.

ಮಾರನೆಯ ವಾರ ಎಂಜಿನಿಯರ್ ಬಂದರು. ತೆಳ್ಳಗಿನ, ಮಾತು ಕಡಿಮೆಯ ಹುಡುಗಿ. ಹಂಗಳದ ಕಡೆಯಿಂದ ಬೇಗೂರಿನ ಕಡೆಯವರೆಗೆ ಎಲ್ಲ ಊರಿಗೂ ಆಕೆಯೊಬ್ಬರೇ. ಕೈಯಲ್ಲಿ ನಕ್ಷೆ, ಸುಣ್ಣದ ಪುಡಿಯ ಡಬ್ಬಿ. ಮ್ಯಾನ್‌ಹೋಲ್ ಬರುವ ಜಾಗದಲ್ಲೆಲ್ಲ ಸುಣ್ಣದಲ್ಲಿ ಒಂದು ಸುತ್ತು ಗುರುತು ಹಾಕುತ್ತ ಹೊರಟರು.

ಮೊದಲ ಗುರುತಿಗೇ ಮನೆಯ ಯಜಮಾನರು ಹೊರಗೆ ಬಂದರು. ಒಳಚರಂಡಿಗೆ ನನ್ನ ಪೂರ್ತಿ ಬೆಂಬಲವಿದೆ, ಆದರೆ ಇದು ನನ್ನ ಮನೆಯ ಈಶಾನ್ಯ, ಇಲ್ಲಿ ಹೊಲಸು ನಿಲ್ಲಿಸಿದರೆ ಮನೆಗೆ ಏಳಿಗೆಯಿಲ್ಲ ಎಂದರು. ಸರಿ ಎಂದು ಆಕೆ ಗುರುತನ್ನು ನಾಲ್ಕು ಮಾರು ಆಚೆ ಸರಿಸಿದರು. ಅದು ಪಕ್ಕದ ಮನೆಯ ಈಶಾನ್ಯಕ್ಕೆ ಬಂತು. ಎದುರುಗಡೆ ಸರಿಸಿದರೆ ಎದುರು ಮನೆಯವರು, ಈಶಾನ್ಯವಲ್ಲ ನಿಜ, ಆದರೆ ನಮ್ಮ ಬಾಗಿಲಿಗೆ ನೇರ, ಅದು ಇನ್ನೂ ಕೆಟ್ಟದ್ದು ಎಂದರು. ಹೀಗೆ ಒಂದು ಮ್ಯಾನ್‌ಹೋಲು ಮಧ್ಯಾಹ್ನದ ಹೊತ್ತಿಗೆ ಇಡೀ ಮೇಲಿನ ಬೀದಿ ಸುತ್ತಿ ಬಂತು. ಬೀದಿ ತುಂಬ ಸುಣ್ಣದ ಸುತ್ತುಗಳು. ಹೊರಗಿನವರು ಯಾರಾದರೂ ನೋಡಿದ್ದರೆ ಯಾವುದೋ ಹಬ್ಬಕ್ಕೆ ರಂಗೋಲಿ ಬಿಟ್ಟಿದ್ದಾರೆ ಎಂದುಕೊಳ್ಳಬೇಕಿತ್ತು.

ಕೆಳಗಿನ ಬೀದಿಯಲ್ಲಿ ಯಾರೂ ಈಶಾನ್ಯ ಕೇಳಲಿಲ್ಲ. ದೊಡ್ಡವ್ವ ತನ್ನ ಹೊಸಿಲ ಮುಂದೆಯೇ ಹಾಕಿ ಎಂದಳು.

ಕೊನೆಗೆ ಮೇಲಿನ ಬೀದಿಯ ಆ ಒಂದು ಮ್ಯಾನ್‌ಹೋಲಿಗೆ ಯಾರ ಈಶಾನ್ಯಕ್ಕೂ ಬಾರದ, ಯಾರ ಬಾಗಿಲಿಗೂ ನೇರವಾಗದ ಜಾಗ ಒಂದೇ ಉಳಿಯಿತು. ಅದು ಪಂಚಾಯ್ತಿ ಆಫೀಸಿನ ಮುಂದೆ. ಪಿಡಿಒ ಸಾಹೇಬರು ಜನರ ಮೂಢನಂಬಿಕೆಯ ಬಗ್ಗೆ ನಮಗೆಲ್ಲ ಅರ್ಧ ಗಂಟೆ ಬುದ್ಧಿ ಹೇಳಿದರು, ಇಲ್ಲೇ ಹಾಕಿ ಎಂದು ಸಹಿ ಮಾಡಿದರು. ಮಾರನೆಯ ಬೆಳಿಗ್ಗೆ ನಾನು ಹೋಗಿ ಬಾಗಿಲು ತೆಗೆದು ನೋಡುತ್ತೇನೆ, ಅವರ ಮೇಜು ಕುರ್ಚಿ ಎರಡೂ ಬಾಗಿಲಿಗೆ ಬೆನ್ನು ಹಾಕಿ ಗೋಡೆಯ ಕಡೆಗೆ ತಿರುಗಿದ್ದವು.

ಸತ್ತವರ ತಕರಾರು

ಗ್ರಾಮಸಭೆಯಲ್ಲಿ ಒಂದು ಪ್ರಶ್ನೆ ಎದ್ದಿತ್ತು. ಎತ್ತಿದವರು ನಮ್ಮ ಅಧ್ಯಕ್ಷರು. ನಡುಬೀದಿಯ ಹೆಣ್ಣುಮಗಳು, ಹೊಲಿಗೆ ಕೆಲಸ ಮಾಡುವವರು, ಸಭೆಯಲ್ಲಿ ಹೆಚ್ಚು ಮಾತಾಡುವವರಲ್ಲ. ಅವತ್ತು ಮಾತ್ರ ಎದ್ದು ನಿಂತು, ಪೈಪು ಎಲ್ಲಿಂದ ಹೊರಡುತ್ತದೆ ಎಂದು ಗೊತ್ತಾಯಿತು, ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಕೇಳಿದ್ದರು. ಅದನ್ನು ಆಮೇಲೆ ನೋಡೋಣ ಎಂದು ಚಪ್ಪಾಳೆ ತಟ್ಟಿ ಸಭೆ ಮುಗಿಸಿದ್ದರು.

ಆಮೇಲೆ ನೋಡುವ ಕಾಲ ಬಂತು. ಹೊಲಸು ನೀರನ್ನು ಶುದ್ಧ ಮಾಡುವ ಘಟಕಕ್ಕೆ ಒಂದಿಷ್ಟು ಜಾಗ ಬೇಕು. ದಾಖಲೆಯಲ್ಲಿ ಗೋಮಾಳ ಬೇಕಾದಷ್ಟಿದೆ. ಹೋಗಿ ನೋಡಿದರೆ ಅದರ ಮೇಲೆ ಬಾಳೆ ತೋಟವಿದೆ, ತೋಟಕ್ಕೆ ಬೇಲಿಯಿದೆ, ಬೇಲಿಗೆ ಬೀಗವಿದೆ. ಬೀಗದ ಕೈ ಯಾರಲ್ಲಿದೆ ಎಂದು ಕೇಳುವ ಧೈರ್ಯ ಆಫೀಸಿನಲ್ಲಿ ಯಾರಿಗೂ ಇರಲಿಲ್ಲ. ಉಳಿದದ್ದು ಸ್ಮಶಾನದ ಪಕ್ಕದ ಒಂದು ಮೂಲೆ. ಅಲ್ಲಿ ಯಾರನ್ನೂ ಹೂತಿರಲಿಲ್ಲ. ಕೇಳುವವರು ಇಲ್ಲದ ಜಾಗ ಇದೊಂದೇ ಎಂದು ಪಿಡಿಒ ಸಾಹೇಬರು ಸಮಾಧಾನಪಟ್ಟರು. ಆಕ್ಷೇಪಣೆ ಇದ್ದರೆ ಸಲ್ಲಿಸಿ ಎಂದು ನೋಟೀಸು ಅಂಟಿಸಿದೆವು.

ಕೊನೆಯ ದಿನ ಮೇಲಿನ ಬೀದಿಯ ನಿವೃತ್ತ ಮೇಷ್ಟ್ರು ಒಂದು ಅರ್ಜಿ ತಂದರು. ಕೆಳಗೆ ಸಾಲುಸಾಲು ಸಹಿ. ಹೆಸರುಗಳನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಹಾಕುತ್ತ ಹೋದಂತೆ ಬೆರಳು ನಿಂತಿತು. ಮೂವರು ಸತ್ತವರ ಹೆಸರಿತ್ತು. ಅವರ ಮನೆಯ ಖಾತೆಗಳನ್ನು ಮಕ್ಕಳ ಹೆಸರಿಗೆ ಬದಲಾಯಿಸಿದವಳು ನಾನೇ. ಅದರಲ್ಲೊಬ್ಬರು ಬದುಕಿದ್ದಷ್ಟು ದಿನ ಎಲ್ಲ ಕಾಗದಕ್ಕೂ ಹೆಬ್ಬೆಟ್ಟು ಒತ್ತುತ್ತಿದ್ದವರು. ಇಲ್ಲಿ ಇಂಗ್ಲಿಷಿನಲ್ಲಿ ಸಹಿ ಮಾಡಿದ್ದರು.

ಮೇಷ್ಟ್ರನ್ನು ಕೂರಿಸಿ, ಟೀ ಕೊಟ್ಟು, ಮೆಲ್ಲಗೆ ಹೇಳಿದೆ. ಅವರು ಸ್ವಲ್ಪವೂ ಕದಲಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಹೇಳಿದರು:

“ನೋಡಮ್ಮ, ಸ್ಮಶಾನದ ಪಕ್ಕ ಘಟಕ ಬಂದ್ರೆ ನಮಗೇನು? ನಾವು ಇರೋದು ಮೇಲಿನ ಬೀದೀಲಿ. ಅಲ್ಲಿ ಖಾಯಂ ವಾಸ ಇರೋರು ಅವರು. ಅವರ ಸಹಿ ಇಲ್ಲದೆ ಅರ್ಜಿ ತಗೊಂಡ್ರೆ ಕಾನೂನಿಗೆ ನಿಲ್ಲುತ್ತಾ?”

ಕುಂಬಳ ಬಳ್ಳಿ

ಘಟಕವನ್ನು ಎರಡನೆಯ ಹಂತಕ್ಕೆ ಮುಂದೂಡಿದರು. ಮನೆಗಳಿಂದ ಪೈಪಿಗೆ ಸಂಪರ್ಕ ಕೊಡುವುದು ಎಸ್ಟಿಮೇಟಿನಲ್ಲಿ ಬಿಟ್ಟುಹೋಗಿದೆ ಎಂದು ಆಮೇಲೆ ತಿಳಿಯಿತು. ಅದೂ ಎರಡನೆಯ ಹಂತಕ್ಕೆ ಹೋಯಿತು. ಹಾಗಾದರೆ ಮೊದಲನೆಯ ಹಂತದಲ್ಲಿ ಏನಿದೆ ಎಂದು ಅಧ್ಯಕ್ಷರು ಕೇಳಿದರು. ಪೈಪಿದೆ ಎಂದು ಉತ್ತರ ಬಂತು.

ಜೆಸಿಬಿ ಬಂದು ಕೆಳಗಿನ ಬೀದಿಯನ್ನು ಉದ್ದಕ್ಕೂ ಅಗೆಯಿತು. ಯಾಕೆ ಕೆಳಗಿನಿಂದ ಶುರು ಎಂದರೆ, ಅಲ್ಲಿ ಯಾರೂ ತಕರಾರು ಮಾಡಿರಲಿಲ್ಲ. ಅಗೆದವರು ನಾಳೆ ಬರುತ್ತೇವೆ ಎಂದು ಹೋದರು. ಮಳೆಗಾಲ ಬಂತು, ಅವರು ಬರಲಿಲ್ಲ. ಬೀದಿಯ ಮಧ್ಯೆ ಗುಂಡಿ, ಗುಂಡಿಯೊಳಗೆ ಮೇಲಿನ ಬೀದಿಯ ನೀರು, ಬಾಗಿಲಿನಿಂದ ಆಚೆಗೆ ಒಂದೊಂದು ಹಲಗೆ. ದೊಡ್ಡವ್ವನ ಸೊಸೆ ಒಂದು ದಿನ ಬಟ್ಟೆಬರೆ ಒಯ್ಯಲು ಬೇಗೂರಿನಿಂದ ಬಂದವಳು, ತುಂಬಿದ ಹೊಟ್ಟೆ ಹೊತ್ತು ಹಲಗೆಯ ಮೇಲೆ ಕಾಲಿಡಲಾರದೆ ಆಚೆಯ ದಂಡೆಯಲ್ಲೇ ನಿಂತಳು. ದೊಡ್ಡವ್ವ ಈಚೆಯಿಂದ ಗಂಟು ಎಸೆದಳು. ಇಬ್ಬರೂ ಗುಂಡಿಯ ಆಚೀಚೆ ನಿಂತು ಅರ್ಧ ಗಂಟೆ ಮಾತಾಡಿದರು, ಅವಳು ಬಂದ ಬಸ್ಸಿಗೇ ವಾಪಸು ಹೋದಳು. ನೀರುಗಂಟಿ ಇದನ್ನು ನನಗೆ ಹೇಳುವಾಗ ನೆಲ ನೋಡುತ್ತಿದ್ದ.

ನಾನು ಟೈಪ್ ಮಾಡಿ ಕಳಿಸಿದ ಪತ್ರಗಳಿಗೆ ಲೆಕ್ಕವಿಲ್ಲ. ಅಂತೂ ಮಳೆ ಮುಗಿದು, ಬಿಸಿಲು ಬಿದ್ದು, ಕೆಲಸದವರು ಪೈಪು ತುಂಬಿಕೊಂಡು ಬಂದರು. ಬಂದ ಅರ್ಧ ಗಂಟೆಯಲ್ಲಿ ಮೇಸ್ತ್ರಿ ಆಫೀಸಿಗೆ ಓಡಿ ಬಂದ. ಕೆಲಸಕ್ಕೆ ಅಡ್ಡಿ ಮಾಡುತ್ತಿದ್ದಾರೆ, ಪೊಲೀಸರನ್ನು ಕರೆಸಿ ಎಂದ. ಹೋಗಿ ನೋಡಿದೆವು. ಅಗೆದು ಹಾಕಿದ ಮಣ್ಣಿನ ಗುಡ್ಡೆಯ ಮೇಲೆ ದೊಡ್ಡವ್ವ ಕುಂಬಳ ಬೀಜ ಊರಿದ್ದಳು. ಊರಿನ ಸಾರವೆಲ್ಲ ಕುಡಿದು ಬಳ್ಳಿ ಬೀದಿಯುದ್ದ ಹಬ್ಬಿತ್ತು, ಮೊಳಕೈ ಗಾತ್ರದ ಕಾಯಿಗಳು ಕೂತಿದ್ದವು. ಅವಳು ಗುಡ್ಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಕಾಯಿ ಬಲಿಯೋಗಂಟ ಯಾರೂ ಮುಟ್ಟಂಗಿಲ್ಲ ಎಂದಳು. ಪಿಡಿಒ ಸಾಹೇಬರು ಗದರಿಸಲು ಬಾಯಿ ತೆರೆದು, ಎಷ್ಟು ದಿನ ಬೇಕಾಗುತ್ತದೆ ಎಂದಷ್ಟೇ ಕೇಳಿದರು. ಹದಿನೈದು ದಿನ ಎಂದಳು.

ಆ ತಿಂಗಳ ವರದಿಯಲ್ಲಿ ಎಂದಿನಂತೆ “ಕಾಮಗಾರಿ ಪ್ರಗತಿಯಲ್ಲಿದೆ” ಎಂದು ಹಾಕಿದೆ. ಸ್ಥಳದ ಫೋಟೋ ಲಗತ್ತಿಸಲೇಬೇಕಿತ್ತು, ಲಗತ್ತಿಸಿದೆ. ಮೇಲಿನಿಂದ ಒಂದೇ ಸಾಲಿನ ಉತ್ತರ ಬಂತು: ಪ್ರಗತಿ ತೃಪ್ತಿಕರವಾಗಿದೆ.

ಟ್ಯಾಂಕಿನ ಮೇಲಿನ ಮ್ಯಾನ್‌ಹೋಲುಗಳು

ಪೈಪು ಹೂತರು, ಮ್ಯಾನ್‌ಹೋಲು ಕಟ್ಟಿದರು. ಪ್ರತಿಯೊಂದರ ಫೋಟೋವನ್ನೂ ಮೊಬೈಲಿನ ಒಂದು ಆ್ಯಪ್‌ನಲ್ಲಿ ತೆಗೆದು ಕಳಿಸಬೇಕು. ಫೋಟೋದ ಜೊತೆಗೆ ಅದು ಯಾವ ಜಾಗ ಎಂಬುದನ್ನು ಆ್ಯಪ್ ತಾನೇ ಹಿಡಿದು ಬರೆದುಕೊಳ್ಳುತ್ತದೆ. ಸುಳ್ಳು ಹೇಳಲು ದಾರಿಯೇ ಇಲ್ಲದಂತೆ ಮಾಡಿದ್ದಾರೆ ಎಂದು ಪಿಡಿಒ ಸಾಹೇಬರು ಮೆಚ್ಚಿಕೊಂಡರು.

ನಮ್ಮ ಊರಿನಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸಿಗುವುದು ಒಂದೇ ಕಡೆ, ಓವರ್‌ಹೆಡ್ ಟ್ಯಾಂಕಿನ ನೆತ್ತಿಯ ಮೇಲೆ. ಹಾಗಾಗಿ ನೀರುಗಂಟಿ ಬೀದಿಯಲ್ಲಿ ಫೋಟೋ ತೆಗೆಯುವುದು, ಏಣಿ ಹತ್ತಿ ಮೇಲೆ ಹೋಗಿ ಕಳಿಸುವುದು, ಇಳಿಯುವುದು, ಮುಂದಿನ ಮ್ಯಾನ್‌ಹೋಲಿಗೆ ಹೋಗುವುದು, ಹೀಗೆ ಎರಡು ದಿನ ಮಾಡಿದ. ಎರಡನೆಯ ದಿನ ಸಂಜೆ ಅವನ ಕಾಲು ಊದಿಕೊಂಡಿತ್ತು. ಒಂದೂ ತಪ್ಪದೆ ಎಲ್ಲ ಹೋಗಿವೆ ಅಕ್ಕೋರೆ ಎಂದ.

ಮೂರನೆಯ ದಿನ ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ನಮ್ಮ ಆಫೀಸಿನ ಲ್ಯಾಂಡ್‌ಲೈನಿಗೆ ಫೋನ್ ಮಾಡಿದರು. ನಿಮ್ಮ ಊರಿನ ಮ್ಯಾನ್‌ಹೋಲುಗಳೆಲ್ಲ ಒಂದೇ ಕಡೆ ಯಾಕಿವೆ ಎಂದು ಕೇಳಿದರು. ನನಗೆ ತಿಳಿಯಲಿಲ್ಲ. ಕಂಪ್ಯೂಟರಿನಲ್ಲಿ ನಕ್ಷೆ ತೆರೆದು ನೋಡಿದೆ. ಆ್ಯಪ್ ಜಾಗವನ್ನು ಹಿಡಿಯುತ್ತಿದ್ದದ್ದು ಫೋಟೋ ತೆಗೆದಾಗ ಅಲ್ಲ, ಕಳಿಸಿದಾಗ. ಸರ್ಕಾರದ ನಕ್ಷೆಯಲ್ಲಿ ನಮ್ಮ ಇಡೀ ಒಳಚರಂಡಿ ಕುಡಿಯುವ ನೀರಿನ ಟ್ಯಾಂಕಿನ ಮೇಲೆ ಕೂತಿತ್ತು.

ನೆಟ್‌ವರ್ಕಿನ ಕಥೆಯನ್ನೆಲ್ಲ ಬಿಡಿಸಿ ಹೇಳಿದೆ. ಆ ಕಡೆ ಕಾಗದ ತಿರುವಿ ಹಾಕುವ ಸದ್ದು ಕೇಳಿಸಿತು. ಆಮೇಲೆ ಅವರು ತಾಳ್ಮೆಯಿಂದ ಹೇಳಿದರು:

“ಒಂದು ಸಲ ಸೇವ್ ಆದ ಲೊಕೇಶನ್ ಬದಲಾಯಿಸೋಕೆ ಬರಲ್ಲಮ್ಮ. ಮ್ಯಾನ್‌ಹೋಲುಗಳನ್ನೇ ಸ್ವಲ್ಪ ಆ ಕಡೆಗೆ ತರೋಕಾಗುತ್ತಾ, ನೋಡಿ.”

ಉದ್ಘಾಟನೆ

ಇಷ್ಟೆಲ್ಲ ಆದ ಮೇಲೆ ಉದ್ಘಾಟನೆ. ಬರುವವರು ದೊಡ್ಡವರು, ಹೆಸರು ಬೇಡ. ಬರುವ ಮೂರು ದಿನ ಮೊದಲು ಅವರ ಕಡೆಯವರು ಫೋನ್ ಮಾಡಿ, ಸಾಹೇಬರು ಬರೀ ಟೇಪು ಕತ್ತರಿಸಿ ಹೋಗುವವರಲ್ಲ, ನೀರು ಹರಿಯುವುದನ್ನು ಕಣ್ಣಾರೆ ನೋಡುತ್ತಾರೆ ಎಂದು ತಿಳಿಸಿದರು.

ಪಿಡಿಒ ಸಾಹೇಬರು ಹೆಲ್ಮೆಟ್ಟು ಕೆಳಗಿಟ್ಟು ತಲೆಯ ಮೇಲೆ ಕೈ ಹೊತ್ತು ಕೂತರು. ಹರಿಯಲು ಏನಿದೆ? ಒಂದು ಮನೆಯ ಬಚ್ಚಲೂ ಪೈಪಿಗೆ ಸೇರಿಲ್ಲ. ಕೊಳಚೆಯೆಲ್ಲ ಪಕ್ಕದ ಹಳೆಯ ಚರಂಡಿಯಲ್ಲಿ ಎಂದಿನಂತೆ ಹೋಗುತ್ತಿದೆ. ಊರಿನಲ್ಲಿ ಮಿರಮಿರ ಮಿನುಗುವಷ್ಟು ಶುದ್ಧವಾಗಿರುವುದು ಆ ಒಳಚರಂಡಿಯ ಪೈಪು ಒಂದೇ. ಮೇಲಿನ ತುದಿಗೆ ಶುರುವಿಲ್ಲ, ಕೆಳಗಿನ ತುದಿಗೆ ಘಟಕವಿಲ್ಲ. ಕೆಳಗಿನ ಬೀದಿ ಮುಗಿಯುವಲ್ಲಿ ಪೈಪಿನ ಬಾಯಿ ಕೆರೆಯ ಕಡೆಗೆ ತೆರೆದುಕೊಂಡಿತ್ತು.

ಚರಂಡಿ ನೀರನ್ನೇ ಬಕೆಟ್ಟಿನಲ್ಲಿ ತಂದು ಸುರಿಯೋಣ ಎಂದರೆ, ದೊಡ್ಡವರ ಮುಂದೆ ವಾಸನೆ ಬರುತ್ತದೆ. ಕೊನೆಗೆ ನೀರುಗಂಟಿ ದಾರಿ ಹೇಳಿದ. ಊರಾಚೆಯ ಒಂದು ತೋಟದ ಬೋರ್‌ವೆಲ್ ನೀರು ಎಳನೀರಿನಂತಿದೆ, ಒಂದು ಟ್ಯಾಂಕರ್ ತರಿಸಿ ಮೊದಲ ಮ್ಯಾನ್‌ಹೋಲಿಗೆ ಬಿಟ್ಟರಾಯಿತು ಎಂದ. ಪಿಡಿಒ ಸಾಹೇಬರು ಒಪ್ಪಿದರು. ಟ್ಯಾಂಕರನ್ನು ಆಫೀಸಿನ ಹಿಂದೆ ಮರೆಯಲ್ಲಿ ನಿಲ್ಲಿಸಿ, ಮೇಲಿನ ಮ್ಯಾನ್‌ಹೋಲಿಗೆ ಪೈಪು ಎಳೆದು, ಪೈಪಿನ ಮೇಲೆ ಶಾಮಿಯಾನದ ಜಮಖಾನ ಹಾಸಿದರು.

ದೊಡ್ಡವರು ಬಂದರು. ಮ್ಯಾನ್‌ಹೋಲಿನ ಮುಚ್ಚಳಕ್ಕೆ ಅರಿಶಿನ ಕುಂಕುಮ, ಚೆಂಡು ಹೂವಿನ ಹಾರ. ಕಾಯಿ ಒಡೆದರು. ಮುಚ್ಚಳ ತೆಗೆದು ಬಗ್ಗಿ ನೋಡಿದರೆ ಒಳಗೆ ಜುಳುಜುಳು. ಕೆಳಗಿನ ತುದಿಯಲ್ಲಿ ನಿಂತಿದ್ದ ನೀರುಗಂಟಿ ಒಬ್ಬನನ್ನು ಮೇಲಕ್ಕೆ ಓಡಿಸಿ, ನೀರು ಬರುತ್ತಾ ಇದೆ ಎಂದು ಹೇಳಿ ಕಳಿಸಿದ. ಚಪ್ಪಾಳೆ ಬಿತ್ತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ದೊಡ್ಡವರು, ನಡೆಯಿರಿ, ಕೊನೆಯವರೆಗೂ ನೋಡೋಣ ಎಂದು ಇಳಿಜಾರಿನಲ್ಲಿ ಹೊರಟೇಬಿಟ್ಟರು.

ನಾನೂ ಫೋಟೋ ತೆಗೆಯಲು ಹಿಂದೆಯೇ ಹೋದೆ. ಕೆಳಗಿನ ಬೀದಿಯ ತುದಿಗೆ ಬಂದವರು ಎಲ್ಲರೂ ನಿಂತೆವು. ಪೈಪಿನ ಬಾಯಿಯಿಂದ ಗಾಜಿನಂಥ ನೀರು ಸುರಿಯುತ್ತಿತ್ತು. ಅದರ ಮುಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು. ಬೀದಿಯ ಹೆಂಗಸರೆಲ್ಲ ಅಲ್ಲಿದ್ದರು. ಮುಂದೆ ನಿಂತು ಸಾಲು ಕಾಯುತ್ತಿದ್ದವಳು ದೊಡ್ಡವ್ವ, ಒಬ್ಬರಿಗೆ ಎರಡೇ ಕೊಡ ಎಂದು ಹೇಳಿ ಹಿಂದಕ್ಕೆ ಕಳಿಸುತ್ತಿದ್ದಳು.

ದೊಡ್ಡವರು ಬಗ್ಗಿ ಪೈಪಿನ ಬಾಯಿ ನೋಡಿದರು. ಆಮೇಲೆ ಅವರ ಮುಖ ಅರಳಿತು. ಇಷ್ಟು ಸಣ್ಣ ಊರಿನಲ್ಲಿ ಕೊಳಚೆ ನೀರು ಇಷ್ಟು ಶುದ್ಧವಾಗಿ ಹೊರಬರುತ್ತಿದೆ ಎಂದರೆ, ಇಂಥ ಘಟಕವನ್ನು ನಾನು ಎಲ್ಲೂ ಕಂಡಿಲ್ಲ ಎಂದರು. ಇಲ್ಲದ ಘಟಕವನ್ನು ಹೊಗಳಿದಾಗ ಹೌದು ಎನ್ನುವಂತೆಯೂ ಇಲ್ಲ, ಇಲ್ಲ ಎನ್ನುವಂತೆಯೂ ಇಲ್ಲ. ಪಿಡಿಒ ಸಾಹೇಬರು ಕೈಮುಗಿದು ನಿಂತರು. ಅಧ್ಯಕ್ಷರು ಸೆರಗು ಬಾಯಿಗೆ ಅಡ್ಡ ಹಿಡಿದು ಕೆರೆಯ ಕಡೆ ತಿರುಗಿದರು. ಅವರು ನಕ್ಕರೋ ಅತ್ತರೋ ನನಗೆ ಕಾಣಿಸಲಿಲ್ಲ.

ಅಷ್ಟರಲ್ಲಿ ದೊಡ್ಡವ್ವ ಒಂದು ಚೊಂಬಿನಲ್ಲಿ ನೀರು ಹಿಡಿದು, ಮನೆಗೆ ಬಂದವರಿಗೆ ಕೊಡುವಂತೆ ಎರಡೂ ಕೈಯಲ್ಲಿ ದೊಡ್ಡವರ ಮುಂದೆ ಹಿಡಿದಳು. ಬಿಸಿಲಲ್ಲಿ ಬಂದಿದ್ದೀರಿ, ಕುಡಿಯಿರಿ ಎಂದಳು.

ಸುತ್ತ ಮೊಬೈಲುಗಳು ಎದ್ದವು. ದೊಡ್ಡವರು ಚೊಂಬು ತೆಗೆದುಕೊಂಡರು. ಒಳಗೆ ನೋಡಿದರು. ಮೇಲಿನ ಬೀದಿಯನ್ನು ನೋಡಿದರು. ಅವರ ಲೆಕ್ಕದಲ್ಲಿ ಆ ಚೊಂಬಿನೊಳಗೆ ಇಡೀ ಊರಿನ ಬಚ್ಚಲಿತ್ತು. ಇವತ್ತು ನನ್ನದು ಉಪವಾಸ, ನೀರೂ ಮುಟ್ಟುವುದಿಲ್ಲ ಎಂದು ಹೇಳಿ, ಚೊಂಬನ್ನು ಮೆಲ್ಲಗೆ ಪಿಡಿಒ ಸಾಹೇಬರ ಕೈಗೆ ದಾಟಿಸಿದರು.

ಪಿಡಿಒ ಸಾಹೇಬರಿಗೆ ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿಯಲು ಬಿಡುವಾಗಿರಲಿಲ್ಲ. ಅದು ತೋಟದ ನೀರು ಎಂದು ಅವರಿಗೆ ಗೊತ್ತು. ಚೊಂಬು ಎತ್ತಿ ಗಟಗಟ ಒಂದೇ ಉಸಿರಿಗೆ ಕುಡಿದು, ಬಾಯಿ ಒರೆಸಿಕೊಂಡು, ಇನ್ನೊಂದು ಚೊಂಬು ಕೊಡಮ್ಮ ಎಂದರು.

ದೊಡ್ಡವರ ಕಣ್ಣಲ್ಲಿ ನೀರು ಬಂತು. ಸರ್ಕಾರದ ಕೆಲಸದಲ್ಲಿ ಇಷ್ಟು ನಂಬಿಕೆಯಿರುವ ಅಧಿಕಾರಿಯನ್ನು ನನ್ನ ಇಷ್ಟು ವರ್ಷದಲ್ಲಿ ನೋಡಿಲ್ಲ ಎಂದು, ತಮ್ಮ ಕೊರಳಿನ ಹಾರ ತೆಗೆದು ಅವರ ಕೊರಳಿಗೆ ಹಾಕಿದರು. ಅವರು ಇನ್ನೂ ಚೊಂಬು ಹಿಡಿದೇ ನಿಂತಿದ್ದರು. ಅಷ್ಟು ಹೊತ್ತಿಗೆ ಮೇಲೆ ಟ್ಯಾಂಕರ್ ಖಾಲಿಯಾಯಿತು. ಪೈಪಿನ ಧಾರೆ ಸಣ್ಣಗಾಗಿ, ಹನಿಯಾಗಿ, ನಿಂತಿತು. ಕಾರುಗಳು ಹೊರಟವು. ಸಾಲಿನ ಕೊನೆಯವರು ಖಾಲಿ ಕೊಡ ಸೊಂಟಕ್ಕೆ ಇಟ್ಟುಕೊಂಡು ಇನ್ನೂ ಒಂದು ಗಂಟೆ ಅಲ್ಲೇ ಕಾದರಂತೆ.

ಎರಡನೆಯ ಹಂತ ಇನ್ನೂ ಬಂದಿಲ್ಲ. ಬೇಗೂರಿನಲ್ಲಿ ಸೊಸೆಗೆ ಹೆಣ್ಣು ಕೂಸು ಹುಟ್ಟಿದೆ. ದೊಡ್ಡವ್ವ ಅದನ್ನು ನೋಡಲು ತಾನೇ ಹೋಗಿ ಬರುತ್ತಾಳೆ, ಇಲ್ಲಿಗೆ ಕರೆತಂದಿಲ್ಲ.

ಉದ್ಘಾಟನೆಯ ಮಾರನೆಯ ದಿನ ಅವಳು ಆಫೀಸಿಗೆ ಬಂದು ನನ್ನ ಮೇಜಿನ ಮುಂದೆ ನಿಂತಳು. ಹಿಂದೆ ಬೀದಿಯ ಏಳೆಂಟು ಹೆಂಗಸರು. ನಿನ್ನೆ ಬಂದ ನೀರಿನಲ್ಲಿ ಬೇಳೆ ಒಂದೇ ಕುದಿಗೆ ಬೆಂದಿತು ಎಂದು ಒಬ್ಬಳು ಹೇಳಿದಳು. ಏನು ಬೇಕು ದೊಡ್ಡವ್ವ ಎಂದು ಕೇಳಿದೆ.

“ನಲ್ಲಿ ನೀರು ನಮ್ಗ ಬ್ಯಾಡ ಕಣವ್ವ. ಮ್ಯಾಲಿನ ಬೀದಿಯೋರ್ಗೇ ಬುಟ್ಕೊಳ್ಳಿ. ನಮ್ಗ ಆ ಚರಂಡಿ ನೀರ್ನೇ ದಿನಾ ಬುಡ್ಸು.”

ಅದು ಟ್ಯಾಂಕರಿನ ನೀರು ಎಂದು ಹೇಳಲು ಬಾಯಿ ತೆರೆದೆ. ಪಿಡಿಒ ಸಾಹೇಬರು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು, ತಿರುಗಲಿಲ್ಲ. ಬರವಣಿಗೆಯಲ್ಲಿ ಕೊಟ್ಟರೆ ತಾನೆ ಮುಂದಕ್ಕೆ ಹೋಗುವುದು ಎಂದು ದೊಡ್ಡವ್ವನೇ ನನಗೆ ನೆನಪಿಸಿದಳು. ಅವಳು ಹೇಳುತ್ತ ಹೋದಳು, ನಾನು ಟೈಪ್ ಮಾಡುತ್ತ ಹೋದೆ. ಎಂಟು ಹೆಬ್ಬೆಟ್ಟು ಒತ್ತಿಸಿಕೊಂಡು, ಸೀಲು ಹಾಕಿ, ಸ್ವೀಕೃತಿ ಕೊಟ್ಟೆ. ಆ ಅರ್ಜಿ ಈಗಲೂ ಕಡತದಲ್ಲಿದೆ. ವಿಷಯ: ಕೆಳಗಿನ ಬೀದಿಯ ನಿವಾಸಿಗಳಿಗೆ ಕುಡಿಯಲು ಪ್ರತಿದಿನ ಚರಂಡಿ ನೀರು ಸರಬರಾಜು ಮಾಡುವ ಬಗ್ಗೆ.